ಬರೆಯುವ ಕೆಲಸ ತರಗತಿಗೆ ಬರಲಿ: ಇಂಗ್ಲಿಷ್ ಬರವಣಿಗೆಯ ಫ್ಲಿಪ್ಡ್ ಪಾಠವನ್ನು ಶಿಕ್ಷಕರು ಆನ್‌ಲೈನ್‌ನಲ್ಲಿ ಕೂಡಿ ಕಟ್ಟುವ ಬಗೆ

ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯಲು ಕಲಿಸುವ ಅವಧಿ ಬಹುತೇಕ ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ಕಳೆದುಹೋಗುತ್ತದೆ. ಪೀಠಿಕೆ ಹೇಗಿರಬೇಕು, ಪ್ಯಾರಾದ ಮೊದಲ ವಾಕ್ಯದಲ್ಲಿ ಏನಿರಬೇಕು, ಉದಾಹರಣೆಯನ್ನು ಎಲ್ಲಿ ಕೊಡಬೇಕು ಎಂದು ಶಿಕ್ಷಕರು ಹಲಗೆಯ ಮೇಲೆ ಬರೆದು ವಿವರಿಸುವಷ್ಟರಲ್ಲಿ 45 ನಿಮಿಷ ಮುಗಿದು ಗಂಟೆ ಬಾರಿಸುತ್ತದೆ. 'ಉಳಿದದ್ದನ್ನು ಮನೆಯಲ್ಲಿ ಬರೆದುಕೊಂಡು ಬನ್ನಿ' ಎಂಬ ಮಾತಿನೊಂದಿಗೆ ತರಗತಿ ಕೊನೆಗೊಳ್ಳುತ್ತದೆ. ಉಳಿದದ್ದೆಂದರೆ ಬರವಣಿಗೆಯೇ. ವಿದ್ಯಾರ್ಥಿಗೆ ನಿಜವಾಗಿ ಕಷ್ಟವಾಗುವುದು ಅಲ್ಲಿ, ಕೇಳಲು ಯಾರೂ ಇಲ್ಲದೆ ಒಂಟಿಯಾಗಿ ಕೂರುವುದೂ ಅಲ್ಲಿಯೇ. ಎರಡು ವಾರ ಕಳೆದು ತಿದ್ದಿದ ಹಾಳೆ ಕೈಗೆ ಬರುವ ಹೊತ್ತಿಗೆ, ಬರೆಯುವಾಗ ತನಗೆ ಎಲ್ಲಿ ತಡೆಯಾಗಿತ್ತು ಎಂಬುದೇ ವಿದ್ಯಾರ್ಥಿಗೆ ಮರೆತಿರುತ್ತದೆ. ಕಣ್ಣು ಕೆಂಪು ಗುರುತುಗಳನ್ನೆಲ್ಲ ದಾಟಿ ನೇರವಾಗಿ ಅಂಕದ ಮೇಲೆ ಹೋಗಿ ನಿಲ್ಲುತ್ತದೆ.

ಈ ಕ್ರಮವನ್ನು ಅದಲುಬದಲು ಮಾಡಿ, ವಿವರಣೆಯನ್ನು ಮನೆಗೆ ಕಳುಹಿಸಿ ಬರವಣಿಗೆಯನ್ನು ತರಗತಿಗೆ ತರುವುದೇ ಫ್ಲಿಪ್ಡ್ ತರಗತಿ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು 1990ರ ದಶಕದಲ್ಲಿಯೇ ವಿದ್ಯಾರ್ಥಿಗಳು ಮೊದಲು ಓದಿಕೊಂಡು ಬಂದು ತರಗತಿಯಲ್ಲಿ ಪರಸ್ಪರ ಚರ್ಚಿಸುವ ಪದ್ಧತಿಯನ್ನು ಬೆಳೆಸಿದ್ದರು. ಇದಕ್ಕೆ ಇಂದಿನ ಹೆಸರು ಮತ್ತು ಪ್ರಚಾರ ದೊರೆತದ್ದು ಬಹುಮಟ್ಟಿಗೆ ಅಮೆರಿಕದ ಕೊಲೊರಾಡೊ ರಾಜ್ಯದ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರಿಂದ. ವುಡ್‌ಲ್ಯಾಂಡ್ ಪಾರ್ಕ್ ಪ್ರೌಢಶಾಲೆಯ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಅವರು 2007ರಲ್ಲಿ, ತರಗತಿಗೆ ಬರಲಾಗದ ವಿದ್ಯಾರ್ಥಿಗಳಿಗೆ ಅನುಕೂಲವಾಗಲೆಂದು ಪಾಠಗಳನ್ನು ವಿಡಿಯೊ ಮಾಡತೊಡಗಿದರು. ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಅವರು ಇಬ್ಬರಾಗಿದ್ದರು ಎಂಬ ಸಂಗತಿ. ಒಬ್ಬರೇ ಶಿಕ್ಷಕರು ಈ ಕೆಲಸಕ್ಕೆ ಕೈಹಾಕಿ, ಮೂರನೆಯ ತಿಂಗಳಿಗೆ ಸುಸ್ತಾಗಿ ಕೈಬಿಡುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಆದ್ದರಿಂದ ಮೂರು ನಾಲ್ಕು ಮಂದಿ ಇಂಗ್ಲಿಷ್ ಶಿಕ್ಷಕರು, ಬೇರೆ ಬೇರೆ ಶಾಲೆಗಳಲ್ಲಿ ಇದ್ದುಕೊಂಡೇ, ಆನ್‌ಲೈನ್ ಮೂಲಕ ಜೊತೆಗೂಡಿ ಬರವಣಿಗೆಯ ಪಾಠವನ್ನು ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸುತ್ತೇನೆ.

ಮೊದಲು ಗುಂಪು, ಆಮೇಲೆ ತಂತ್ರಾಂಶ

ಮೂವರಿಗಿಂತ ಕಡಿಮೆಯಿದ್ದರೆ ಒಬ್ಬರಿಗೆ ಕಾಯಿಲೆಯಾದ ವಾರ ಕೆಲಸ ನಿಲ್ಲುತ್ತದೆ, ಐವರಿಗಿಂತ ಹೆಚ್ಚಾದರೆ ಸಭೆಗೆ ಹೊತ್ತು ಗೊತ್ತುಮಾಡುವುದೇ ಒಂದು ಕೆಲಸವಾಗುತ್ತದೆ. ಎಲ್ಲರೂ ಒಂದೇ ಮಟ್ಟದ ತರಗತಿಗೆ ಕಲಿಸುವವರಾಗಿರಬೇಕು. ಪಠ್ಯಪುಸ್ತಕ ಬೇರೆಯಾಗಿದ್ದರೂ ಬಾಧಕವಿಲ್ಲ, ಏಕೆಂದರೆ ಪ್ಯಾರಾ ಕಟ್ಟುವ, ಕಾರಣ ಕೊಡುವ, ಪತ್ರಕ್ಕೆ ತಕ್ಕ ಧಾಟಿ ಹಿಡಿಯುವ ಕೌಶಲಗಳು ಯಾವ ಪುಸ್ತಕದ ಸ್ವತ್ತೂ ಅಲ್ಲ. ಆದರೆ ವಿದ್ಯಾರ್ಥಿಗಳ ಮಟ್ಟ ಬೇರೆಯಾಗಿದ್ದರೆ ಒಬ್ಬರು ತಯಾರಿಸಿದ್ದು ಇನ್ನೊಬ್ಬರಿಗೆ ಒದಗುವುದಿಲ್ಲ, ಮತ್ತು ಅಂಥ ಗುಂಪು ಸೌಜನ್ಯಕ್ಕಾಗಿ ಮಾತ್ರ ಉಳಿದುಕೊಳ್ಳುತ್ತದೆ.

ಕೂಡಿದ ಮೊದಲ ದಿನವೇ ಒಂದು ಪುಟದ ಒಪ್ಪಂದವನ್ನು ಬರೆದಿಟ್ಟುಕೊಳ್ಳಿ. ವಾರಕ್ಕೆ ಒಬ್ಬೊಬ್ಬರು ಎಷ್ಟು ಗಂಟೆ ಕೊಡಬಲ್ಲರು, ಸಭೆ ಯಾವ ದಿನ ಎಷ್ಟು ಹೊತ್ತಿಗೆ, ತಯಾರಾದ ಸಾಮಗ್ರಿಯನ್ನು ಗುಂಪಿನ ಹೊರಗೆ ಯಾರಿಗೆ ಕೊಡಬಹುದು, ಯಾರಾದರೂ ಬಿಟ್ಟುಹೋದರೆ ಅವರು ಮಾಡಿದ ಪಾಠಗಳು ಉಳಿಯುತ್ತವೆಯೇ ಎಂಬ ನಾಲ್ಕು ವಿಷಯಗಳು ಅದರಲ್ಲಿದ್ದರೆ ಸಾಕು. ಕೊನೆಯ ಪ್ರಶ್ನೆ ಆರಂಭದಲ್ಲಿ ಅನಗತ್ಯವೆಂದು ತೋರುತ್ತದೆ. ಆದರೆ ವರ್ಗಾವಣೆಯೋ ಹೆರಿಗೆ ರಜೆಯೋ ಬಂದಾಗ ಅದನ್ನು ಕೇಳುವುದು ಎಲ್ಲರಿಗೂ ಮುಜುಗರದ ಸಂಗತಿಯಾಗುತ್ತದೆ.

ವಿದ್ಯಾರ್ಥಿಗಳ ಹಾಳೆಗಳಿಂದ ಆರಂಭಿಸಿ

ಇಲ್ಲಿ ಹೆಚ್ಚಿನ ಗುಂಪುಗಳು ತಪ್ಪು ಹೆಜ್ಜೆ ಇಡುತ್ತವೆ. ನಮ್ಮ ನಾಲ್ವರು ಶಿಕ್ಷಕರ ಗುಂಪೂ ಇಟ್ಟಿತ್ತು. ಗುಂಪು ಸೇರಿದ ಉತ್ಸಾಹದಲ್ಲಿ ಪಾಠಗಳನ್ನು ಹಂಚಿಕೊಂಡು ಒಂದೇ ರಜೆಯಲ್ಲಿ ಹನ್ನೆರಡು ವಿಡಿಯೊ ಮಾಡಿ ಮುಗಿಸಿದೆವು. ಶಾಲೆ ಆರಂಭವಾದ ಮೇಲೆ ನೋಡಿದರೆ, ನಮ್ಮ ವಿದ್ಯಾರ್ಥಿಗಳಿಗೆ ಬೇಕಾಗಿದ್ದ ವಿಷಯವನ್ನು ಹೇಳಿದ್ದು ಅವುಗಳಲ್ಲಿ ಮೂರು ಮಾತ್ರ. ಉಳಿದವುಗಳಲ್ಲಿ ನಾವು ಹೇಳಿದ್ದು ನಮಗೆ ಹೇಳಲು ಸುಲಭವಾಗಿದ್ದ ಸಂಗತಿಗಳನ್ನು.

ಆದ್ದರಿಂದ ವಿಡಿಯೊದ ಮಾತನ್ನೇ ಎತ್ತದೆ, ಪ್ರತಿಯೊಬ್ಬರೂ ತಮ್ಮ ತರಗತಿಯಿಂದ ಮೂರು ಪ್ರಬಂಧಗಳನ್ನು ತನ್ನಿ: ಒಂದು ಚೆನ್ನಾಗಿರುವುದು, ಒಂದು ಸಾಧಾರಣ, ಇನ್ನೊಂದು ಬಹಳ ಕಷ್ಟಪಟ್ಟು ಬರೆದದ್ದು. ಹೆಸರು, ಕ್ರಮಸಂಖ್ಯೆ, ಶಾಲೆಯ ಗುರುತುಗಳನ್ನು ಮುಚ್ಚಿ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿಗೆ ಹಾಕಿ. ಸಭೆಗೆ ಮೊದಲು ಎಲ್ಲರೂ ಎಲ್ಲ ಹಾಳೆಗಳಿಗೂ ಹತ್ತಕ್ಕೆ ಎಷ್ಟೆಂದು ಅಂಕ ಹಾಕಿ, ಯಾಕೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಲಿ. ಆಮೇಲೆ ಆನ್‌ಲೈನ್ ಸಭೆಯಲ್ಲಿ ಆ ಅಂಕಗಳನ್ನು ಒಂದೇ ಸ್ಪ್ರೆಡ್‌ಶೀಟಿನಲ್ಲಿ ಅಕ್ಕಪಕ್ಕ ಇಡಿ.

ಇಂಥ ನಮ್ಮ ಮೊದಲ ಸಭೆಯಲ್ಲಿ ಹೀಗೆ ಇಟ್ಟಾಗ ಒಂದು ಹಾಳೆಗೆ ಒಬ್ಬರು ಏಳು, ಇನ್ನೊಬ್ಬರು ನಾಲ್ಕು ಕೊಟ್ಟಿದ್ದರು. ಶಾಲೆಯಲ್ಲಿ ಮೊಬೈಲ್ ಇರಬೇಕೇ ಎಂಬ ವಿಷಯ. ಪ್ರಬಂಧ ಆರಂಭವಾದದ್ದು ಹೀಗೆ: 'ನೌ ಎ ಡೇಸ್ ಮೊಬೈಲ್ ಈಸ್ ವೆರಿ ಇಂಪಾರ್ಟೆಂಟ್ ಇನ್ ಅವರ್ ಲೈಫ್. ಇಟ್ ಹ್ಯಾಸ್ ಮೆನಿ ಅಡ್ವಾಂಟೇಜಸ್ ಅಂಡ್ ಮೆನಿ ಡಿಸ್‌ಅಡ್ವಾಂಟೇಜಸ್.' ಏಳು ಕೊಟ್ಟವರು ವ್ಯಾಕರಣದ ತಪ್ಪು ಹೆಚ್ಚಿಲ್ಲವೆಂದರು. ನಾಲ್ಕು ಕೊಟ್ಟವರು, ಈ ಎರಡು ವಾಕ್ಯಗಳಲ್ಲಿ 'ಮೊಬೈಲ್' ತೆಗೆದು 'ಟಿವಿ' ಎಂದು ಹಾಕಿದರೂ ಏನೂ ಬದಲಾಗುವುದಿಲ್ಲ, ಬರೆದವಳು ಏನು ಹೇಳಹೊರಟಿದ್ದಾಳೆ ಎಂಬುದೇ ಇದರಲ್ಲಿಲ್ಲ ಎಂದರು. ಅರ್ಧ ಗಂಟೆ ನಡೆದ ಆ ಚರ್ಚೆಯಲ್ಲಿ ನಮಗೆ ಗೊತ್ತಾದದ್ದೇನೆಂದರೆ, 'ಒಳ್ಳೆಯ ಪೀಠಿಕೆ' ಎಂಬ ಮಾತನ್ನು ನಾವು ನಾಲ್ವರೂ ವರ್ಷಗಳಿಂದ ಆಡುತ್ತಿದ್ದರೂ ನಾಲ್ವರ ಮನಸ್ಸಿನಲ್ಲೂ ಇದ್ದ ಅರ್ಥ ಬೇರೆಯಾಗಿತ್ತು. ಅದನ್ನು ಸರಿಪಡಿಸಿಕೊಳ್ಳದೆ ಒಟ್ಟಿಗೆ ಪಾಠ ಮಾಡಿದ್ದರೆ ವಿದ್ಯಾರ್ಥಿ ಒಬ್ಬರ ವಿಡಿಯೊದಲ್ಲಿ ಒಂದನ್ನು ಕೇಳಿ, ತನ್ನ ಶಿಕ್ಷಕರಿಂದ ಇನ್ನೊಂದನ್ನು ಕೇಳುವಂತಾಗುತ್ತಿತ್ತು.

ಅಂಕದ ವಿಷಯದಲ್ಲಿ ಒಮ್ಮತ ಬಾರದಿದ್ದರೆ ಅಂಕವನ್ನು ಬದಿಗಿಟ್ಟು ಎರಡೆರಡು ಹಾಳೆಗಳನ್ನು ಹೋಲಿಸಿ, ಇವೆರಡರಲ್ಲಿ ಯಾವುದು ಮೇಲು ಎಂದಷ್ಟೇ ಕೇಳಿಕೊಳ್ಳಿ. ಒಂಟಿ ವಸ್ತುವಿಗೆ ಬೆಲೆ ಕಟ್ಟುವುದಕ್ಕಿಂತ ಎರಡನ್ನು ಹೋಲಿಸುವುದು ಮನುಷ್ಯರಿಗೆ ಸುಲಭ. ಮನಶ್ಶಾಸ್ತ್ರಜ್ಞ ಲೂಯಿ ಥರ್ಸ್ಟನ್ ಅವರು 1927ರಲ್ಲಿ ಮಂಡಿಸಿದ ತುಲನಾತ್ಮಕ ನಿರ್ಣಯದ ನಿಯಮವೇ ಇಂದು ಪ್ರಬಂಧಗಳ ಮೌಲ್ಯಮಾಪನದಲ್ಲಿ ಬಳಕೆಯಾಗುತ್ತಿರುವ ಈ ವಿಧಾನಕ್ಕೆ ಆಧಾರ. ಹೀಗೆ ಹೋಲಿಸುತ್ತ ಹೋದಂತೆ 'ಇದು ಏಕೆ ಮೇಲು' ಎಂಬುದಕ್ಕೆ ಮಾತುಗಳು ತಾವಾಗಿ ಹುಟ್ಟುತ್ತವೆ, ಮತ್ತು ಆ ಮಾತುಗಳೇ ನಿಮ್ಮ ಮಾನದಂಡಗಳಾಗುತ್ತವೆ. ಮೂರಕ್ಕಿಂತ ಹೆಚ್ಚು ಮಾನದಂಡ ಬೇಡ. ನಮ್ಮವು ಇವು: ಬರೆದವರ ನಿಲುವು ಮೊದಲ ಪ್ಯಾರಾದಲ್ಲೇ ತಿಳಿಯುತ್ತದೆಯೇ, ಪ್ರತಿಯೊಂದು ಪ್ಯಾರಾವೂ ಒಂದೇ ವಿಷಯಕ್ಕೆ ಅಂಟಿಕೊಂಡಿದೆಯೇ, ಓದುವವರು ಯಾವ ವಾಕ್ಯವನ್ನೂ ಎರಡನೆಯ ಬಾರಿ ಓದಬೇಕಾಗದಂತೆ ಭಾಷೆ ಸ್ಪಷ್ಟವಾಗಿದೆಯೇ.

ಮನೆಗೆ ಏನು, ತರಗತಿಗೆ ಏನು

ವಿಜ್ಞಾನದ ಫ್ಲಿಪ್ಡ್ ಪಾಠವನ್ನು ಹಾಗೆಯೇ ಎತ್ತಿಕೊಂಡು ಬರವಣಿಗೆಗೆ ಅಳವಡಿಸಲು ಹೋಗಬೇಡಿ. ವಿಜ್ಞಾನದಲ್ಲಿ ತಿಳಿಯಬೇಕಾದ ವಿಷಯ ಬಹಳವಿರುತ್ತದೆ; ಬರವಣಿಗೆಯಲ್ಲಿ ತಿಳಿಯಬೇಕಾದದ್ದು ಸ್ವಲ್ಪ, ಮಾಡಿ ಮಾಡಿ ಕೈಗೆ ಹತ್ತಿಸಿಕೊಳ್ಳಬೇಕಾದದ್ದು ಬಹಳ. ಬರವಣಿಗೆಯನ್ನು ಮುಗಿದ ವಸ್ತುವೆಂದು ನೋಡದೆ ಪ್ರಕ್ರಿಯೆಯಾಗಿ ಕಲಿಸಬೇಕೆಂದು ಅಮೆರಿಕದ ಬರಹಗಾರ ಮತ್ತು ಅಧ್ಯಾಪಕ ಡೊನಾಲ್ಡ್ ಮರ್ರೆ ಅವರು 1972ರಲ್ಲಿಯೇ ವಾದಿಸಿದ್ದರು. ಆ ಪ್ರಕ್ರಿಯೆ ಶಿಕ್ಷಕರ ಕಣ್ಣೆದುರು ನಡೆಯುವಂತೆ ಮಾಡುವುದೇ ಇಲ್ಲಿ ಫ್ಲಿಪ್ ಮಾಡುವುದರ ಉದ್ದೇಶ. ಹಾಗಾಗಿ ಮನೆಯ ಪಾಲು ಚಿಕ್ಕದಿರಲಿ: ಒಂದು ಸಣ್ಣ ವಿಡಿಯೊ, ಒಂದು ಮಾದರಿ ಪ್ಯಾರಾ, ಬರೆದುಕೊಂಡು ಬರಬೇಕಾದ ಎರಡೇ ಎರಡು ವಾಕ್ಯ. ವಿಷಯವನ್ನು ಯೋಚಿಸುವುದು, ಕರಡು ಬರೆಯುವುದು, ಹೊಡೆದುಹಾಕಿ ಮತ್ತೆ ಬರೆಯುವುದು, ಜೊತೆಗಾರರಿಗೆ ಓದಿ ಹೇಳುವುದು ಎಲ್ಲವೂ ತರಗತಿಯಲ್ಲಿ ನಡೆಯಲಿ.

ವಿದ್ಯಾರ್ಥಿಗಳು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳಿಂದ ಪ್ರಬಂಧ ಬರೆಯಿಸಿಕೊಂಡು ತರುತ್ತಾರೆ ಎಂಬ ಅಳಲು ಈಗ ಎಲ್ಲ ಶಿಕ್ಷಕರಲ್ಲಿದೆ. ಮನೆಯಲ್ಲಿ ಬರೆದ ಹಾಳೆಯನ್ನು ಪತ್ತೇದಾರರಂತೆ ಪರೀಕ್ಷಿಸುವುದಕ್ಕಿಂತ, ಕರಡು ತರಗತಿಯಲ್ಲೇ ಹುಟ್ಟುವಂತೆ ಏರ್ಪಾಡು ಮಾಡುವುದು ಇಬ್ಬರ ಗೌರವಕ್ಕೂ ಒಳ್ಳೆಯದು.

ಆರು ನಿಮಿಷದ ವಿಡಿಯೊ

ಸಂಶೋಧಕ ಫಿಲಿಪ್ ಗುವೊ ಮತ್ತು ಅವರ ಸಹೋದ್ಯೋಗಿಗಳು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ಅದರಲ್ಲಿ ತೊಡಗಿರುವ ಮಧ್ಯಮಾಂಕದ ಅವಧಿ ಹೆಚ್ಚೆಂದರೆ ಆರು ನಿಮಿಷ ಎಂದು ಕಂಡುಬಂದಿತು. ಅವರು ನೋಡಿದ್ದು ವಯಸ್ಕರೇ ಹೆಚ್ಚಾಗಿರುವ ಗಣಿತ ಮತ್ತು ವಿಜ್ಞಾನದ ಕೋರ್ಸುಗಳನ್ನಾದರೂ, ಶಾಲಾ ಮಕ್ಕಳ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲು ನನಗೆ ಕಾರಣ ಕಾಣುವುದಿಲ್ಲ. ಒಂದು ವಿಡಿಯೊದಲ್ಲಿ ಒಂದೇ ಸಂಗತಿ ಇರಲಿ. 'ಪೀಠಿಕೆ ಬರೆಯುವುದು ಹೇಗೆ' ಎಂಬುದು ಒಂದು ವಿಡಿಯೊಗೆ ದೊಡ್ಡದಾಯಿತು. 'ಪೀಠಿಕೆಯ ಕೊನೆಯ ವಾಕ್ಯದಲ್ಲಿ ನಿಮ್ಮ ನಿಲುವನ್ನು ಹೇಳುವುದು' ಎಂದರೆ ಸರಿಯಾದ ಅಳತೆ.

ಕೆಲಸವನ್ನು ಪಾಠಕ್ಕೊಬ್ಬರಂತೆ ಹಂಚದೆ ಹಂತಕ್ಕೊಬ್ಬರಂತೆ ಹಂಚಿ. ಒಬ್ಬರು ವಿಡಿಯೊದಲ್ಲಿ ಆಡಬೇಕಾದ ಮಾತಿನ ಬರಹವನ್ನು ಸಿದ್ಧಪಡಿಸಲಿ, ಎರಡನೆಯವರು ಅದನ್ನು ಓದಿ ಕತ್ತರಿಸಲಿ, ಮೂರನೆಯವರು ಧ್ವನಿ ಕೊಟ್ಟು ರೆಕಾರ್ಡ್ ಮಾಡಲಿ, ನಾಲ್ಕನೆಯವರು ತಮ್ಮ ಇಬ್ಬರು ವಿದ್ಯಾರ್ಥಿಗಳಿಗೆ ತೋರಿಸಿ ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳಿ ಬರೆದಿಡಲಿ. ಮುಂದಿನ ಪಾಠಕ್ಕೆ ಈ ಪಾತ್ರಗಳು ಒಂದೊಂದು ಮನೆ ಮುಂದೆ ಸರಿಯಲಿ. ಪಾಠಕ್ಕೊಬ್ಬರಂತೆ ಹಂಚಿದರೆ ನಾಲ್ವರ ನಾಲ್ಕು ಬಗೆಯ ಪಾಠಗಳ ಸಂಗ್ರಹವಾಗುತ್ತದೆಯೇ ಹೊರತು ಗುಂಪಿನ ಪಾಠವಾಗುವುದಿಲ್ಲ. ನಿಮಿಷಕ್ಕೆ 120 ಪದಗಳಂತೆ ನಿಧಾನವಾಗಿ ಓದಿದರೆ ಆರು ನಿಮಿಷಕ್ಕೆ ಸುಮಾರು 720 ಪದ ಹಿಡಿಸುತ್ತದೆ, ಆದರೆ ಬರೆದು ತೋರಿಸುವ, ಯೋಚಿಸಲು ಬಿಡುವ ಹೊತ್ತನ್ನು ಕಳೆದರೆ ಮಾತಿನ ಬರಹ 500 ಪದ ಮೀರಬಾರದು.

ವಿಡಿಯೊದಲ್ಲಿ ಸಿದ್ಧಪಡಿಸಿದ ಸ್ಲೈಡುಗಳನ್ನು ತೋರಿಸುವುದಕ್ಕಿಂತ ಕೈ ಬರೆಯುತ್ತಿರುವುದನ್ನು ತೋರಿಸಿ. ಫೋನನ್ನು ಪುಸ್ತಕಗಳ ರಾಶಿಯ ಮೇಲೆ ಆನಿಸಿ, ಕ್ಯಾಮೆರಾ ಕೆಳಮುಖವಾಗಿರುವಂತೆ ಇಟ್ಟು, ಬಿಳಿ ಹಾಳೆಯ ಮೇಲೆ ದಪ್ಪ ಪೆನ್ನಿನಿಂದ ಬರೆದರೆ ಸಾಕು. ಬರೆಯುತ್ತ ಗಟ್ಟಿಯಾಗಿ ಯೋಚಿಸಿ: 'ಈ ಪದ ಹಾಕಲೇ? ಬೇಡ, ಇದನ್ನು ಎಲ್ಲರೂ ಹಾಕುತ್ತಾರೆ. ನನಗೆ ನಿಜವಾಗಿ ಗೊತ್ತಿರುವುದೇನು?' ಎಂದು ಹೇಳಿಕೊಂಡು ಬರೆದ ವಾಕ್ಯವನ್ನು ಹೊಡೆದುಹಾಕಿ. ಶಿಕ್ಷಕರೂ ವಾಕ್ಯವನ್ನು ಹೊಡೆದುಹಾಕುತ್ತಾರೆ ಎಂಬುದನ್ನು ಎಷ್ಟೋ ವಿದ್ಯಾರ್ಥಿಗಳು ಅದೇ ಮೊದಲ ಬಾರಿ ನೋಡುತ್ತಾರೆ. ನನ್ನ ಅನುಭವದಲ್ಲಿ, ಅಚ್ಚುಕಟ್ಟಾದ ಮಾದರಿ ಪ್ರಬಂಧಗಳಿಗಿಂತ ಹೀಗೆ ಹೊಡೆದುಹಾಕಿದ ಒಂದು ವಾಕ್ಯ ಹೆಚ್ಚು ಕಲಿಸಿದೆ.

ಇಂಟರ್‌ನೆಟ್ ಎಲ್ಲರ ಮನೆಯಲ್ಲೂ ಒಂದೇ ರೀತಿ ಇರುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ರತಿಯೊಂದು ವಿಡಿಯೊಗೂ ಎರಡು ಬದಲಿಗಳಿರಲಿ: ಅದೇ ಮಾತಿನ ಧ್ವನಿಕಡತ ಮತ್ತು ಅದೇ ಪಾಠದ ಒಂದು ಪುಟದ ಮುದ್ರಿತ ಹಾಳೆ. ಮಾತಿನ ಬರಹ ಹೇಗೂ ಸಿದ್ಧವಿರುವುದರಿಂದ ಇವೆರಡಕ್ಕೂ ಹೆಚ್ಚಿನ ಶ್ರಮ ಬೇಕಾಗುವುದಿಲ್ಲ. ವಿಡಿಯೊವನ್ನು 480ಪಿ ಗುಣಮಟ್ಟದಲ್ಲಿ ಉಳಿಸಿ, ಡೌನ್‌ಲೋಡ್ ಮಾಡಿಕೊಳ್ಳುವಂತೆ ಕೊಡಿ, ಅಕ್ಷರಗಳನ್ನು ಸಣ್ಣ ಪರದೆಯಲ್ಲೂ ಓದಲಾಗುವಷ್ಟು ದೊಡ್ಡದಾಗಿ ಬರೆಯಿರಿ.

ಎಲ್ಲವೂ ಸಿಗುವ ಒಂದೇ ಜಾಗ

ವಾಟ್ಸಾಪ್ ಗುಂಪು ಮಾತಿಗೆ ಒಳ್ಳೆಯದು, ಸಂಗ್ರಹಕ್ಕೆ ಕೆಟ್ಟದ್ದು. ಅಲ್ಲಿ ಹಾಕಿದ ಕಡತ ಶುಭೋದಯದ ಚಿತ್ರಗಳ ಕೆಳಗೆ ಮುಚ್ಚಿಹೋಗುತ್ತದೆ. ಗೂಗಲ್ ಡ್ರೈವ್ ಅಥವಾ ಅಂಥದೇ ಬೇರೊಂದು ಸೇವೆಯಲ್ಲಿ ಒಂದೇ ಹಂಚಿಕೆಯ ಫೋಲ್ಡರ್ ಇರಲಿ. ಅದರೊಳಗೆ ಪಾಠಕ್ಕೊಂದು ಫೋಲ್ಡರ್, ಪ್ರತಿಯೊಂದರಲ್ಲೂ ಮಾತಿನ ಬರಹ, ವಿಡಿಯೊ, ಧ್ವನಿ, ಮುದ್ರಿತ ಹಾಳೆ, ತರಗತಿಯ ಚಟುವಟಿಕೆ ಮತ್ತು 'ಮಾಡಿದ ಮೇಲೆ' ಎಂಬ ಹೆಸರಿನ ಒಂದು ಟಿಪ್ಪಣಿ. ಕಡತದ ಹೆಸರು ಪಾಠದ ಸಂಖ್ಯೆ, ವಿಷಯ, ದಿನಾಂಕ ಎಂಬ ಕ್ರಮದಲ್ಲಿರಲಿ. 'ಫೈನಲ್', 'ಹೊಸ ಫೈನಲ್' ಎಂಬ ಹೆಸರುಗಳನ್ನು ಯಾರೂ ಇಡಕೂಡದು ಎಂಬ ನಿಯಮವನ್ನು ಒಪ್ಪಂದದಲ್ಲೇ ಸೇರಿಸಿ.

ಮಾತಿನ ಬರಹವನ್ನು ಎಲ್ಲರೂ ಒಟ್ಟಿಗೆ ತಿದ್ದುವಾಗ ನೇರವಾಗಿ ಅಳಿಸದೆ, ಗೂಗಲ್ ಡಾಕ್ಸ್‌ನ ಸಜೆಸ್ಟಿಂಗ್ ವಿಧಾನದಲ್ಲಿ ಸಲಹೆಯ ರೂಪದಲ್ಲಿ ತಿದ್ದಿ. ಬರೆದವರು ಅದನ್ನು ನೋಡಿ ಒಪ್ಪಲಿ ಅಥವಾ ಬಿಡಲಿ. ಬೇರೆ ಶಾಲೆಯವರು, ಮುಖ ನೋಡಿ ಪರಿಚಯವಿಲ್ಲದವರು ತಮ್ಮ ವಾಕ್ಯವನ್ನು ಕೇಳದೆ ಅಳಿಸಿದರೆ ಎಂಥವರಿಗೂ ನೋವಾಗುತ್ತದೆ. ಏನಾದರೂ ತಪ್ಪಿ ಅಳಿಸಿಹೋದರೆ ವರ್ಷನ್ ಹಿಸ್ಟರಿಯಲ್ಲಿ ಹಳೆಯ ಪ್ರತಿ ಸಿಗುತ್ತದೆ ಎಂಬುದು ಎಲ್ಲರಿಗೂ ತಿಳಿದಿರಲಿ. ಮೂಲಪ್ರತಿಯನ್ನು ಯಾರೂ ತಮ್ಮ ತರಗತಿಗಾಗಿ ಬದಲಿಸಬಾರದು. ಅದರ ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯಲ್ಲಿ ತಮ್ಮ ಗುರುತು ಹಾಕಿ ಬದಲಿಸಿಕೊಳ್ಳಲಿ.

ಪಾಠಗಳನ್ನು ಗುಂಪಿನ ಹೊರಗಿನ ಶಿಕ್ಷಕರಿಗೂ ಕೊಡುವುದಾದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಬಳಸಿ. 2002ರಿಂದ ಚಾಲ್ತಿಯಲ್ಲಿರುವ ಈ ಪರವಾನಗಿಗಳಲ್ಲಿ ಸಿಸಿ ಬೈ-ಎಸ್‌ಎ ಎಂಬುದು, ಮೂಲ ಕರ್ತೃಗಳ ಹೆಸರು ಹೇಳಿ ಮತ್ತು ಅದೇ ಷರತ್ತಿನ ಮೇಲೆ ಮತ್ತೆ ಹಂಚಬೇಕೆಂಬ ಕಟ್ಟಿನೊಂದಿಗೆ, ಯಾರು ಬೇಕಾದರೂ ಬಳಸಲು ಮತ್ತು ಬದಲಿಸಲು ಅವಕಾಶ ಕೊಡುತ್ತದೆ. ಹಾಗೆ ಕೊಡುವ ಮುನ್ನ ಇಂಟರ್‌ನೆಟ್‌ನಿಂದ ತೆಗೆದುಕೊಂಡ ಚಿತ್ರ ಮತ್ತು ಪುಸ್ತಕದಿಂದ ನಕಲು ಮಾಡಿದ ಪ್ಯಾರಾ ಅದರಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ವಿದ್ಯಾರ್ಥಿಯ ಬರಹ ವಿದ್ಯಾರ್ಥಿಯ ಸ್ವತ್ತು. ಅವರ ಮತ್ತು ಪೋಷಕರ ಒಪ್ಪಿಗೆಯಿಲ್ಲದೆ ಅದು ಗುಂಪಿನ ಫೋಲ್ಡರಿಗೆ ಬರಬಾರದು, ಒಪ್ಪಿಗೆ ಇದ್ದರೂ ಹೆಸರಿನೊಂದಿಗೆ ಬರಬಾರದು. ಹೆಸರು ಮುಚ್ಚಿದರೂ ಪ್ರಬಂಧದೊಳಗೆ ಮನೆಯ ವಿಷಯ, ಕಾಯಿಲೆಯ ವಿಷಯ, ಅಪ್ಪ ಅಮ್ಮನ ಜಗಳದ ವಿಷಯ ಇರುತ್ತದೆ. ಅಂಥ ಹಾಳೆಯನ್ನು ಎಷ್ಟೇ ಉಪಯುಕ್ತವಾಗಿದ್ದರೂ ಹಂಚಬೇಡಿ.

ತರಗತಿಯ 45 ನಿಮಿಷ

ಮೊದಲ ಐದು ನಿಮಿಷ, ಮನೆಯಲ್ಲಿ ಬರೆದುಕೊಂಡು ಬಂದ ಎರಡು ವಾಕ್ಯಗಳನ್ನು ಎಲ್ಲರೂ ಡೆಸ್ಕಿನ ಮೇಲೆ ಇಡಲಿ. ಅವನ್ನು ನೋಡುತ್ತ ಒಂದು ಸುತ್ತು ಬಂದರೆ ಯಾರು ವಿಡಿಯೊ ನೋಡಿದ್ದಾರೆ, ಯಾರಿಗೆ ಅರ್ಥವಾಗಿಲ್ಲ ಎಂಬುದು ತಿಳಿಯುತ್ತದೆ. ನೋಡದೆ ಬಂದವರಿಗೆ ಅಲ್ಲಿಯೇ ಪಾಠವನ್ನು ಮತ್ತೆ ಹೇಳಬೇಡಿ. ಹೇಳಿದರೆ ನೋಡಿ ಬಂದವರು ಮುಂದಿನ ವಾರ ನೋಡುವುದಿಲ್ಲ. ಅವರಿಗೆ ಮುದ್ರಿತ ಹಾಳೆ ಕೊಟ್ಟು ಹಿಂದಿನ ಸಾಲಿನಲ್ಲಿ ಓದಿಕೊಳ್ಳಲು ಹೇಳಿ, ಹತ್ತು ನಿಮಿಷದಲ್ಲಿ ಅವರೂ ಬರೆಯಲು ಕೂರಲಿ. ಬೈಗುಳದ ಅಗತ್ಯವಿಲ್ಲ.

ನಂತರದ 25 ನಿಮಿಷ ಎಲ್ಲರೂ ಬರೆಯುತ್ತಾರೆ, ಶಿಕ್ಷಕರು ಡೆಸ್ಕಿನಿಂದ ಡೆಸ್ಕಿಗೆ ಹೋಗಿ ಒಬ್ಬೊಬ್ಬರ ಪಕ್ಕ ಎರಡೆರಡು ನಿಮಿಷ ಕೂರುತ್ತಾರೆ. 40 ವಿದ್ಯಾರ್ಥಿಗಳಿದ್ದರೆ ಒಂದು ಅವಧಿಯಲ್ಲಿ ಹನ್ನೆರಡು ಮಂದಿಯ ಬಳಿ ಹೋಗಬಹುದು, ಅಂದರೆ ನಾಲ್ಕು ಅವಧಿಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಯಾರ ಬಳಿ ಹೋಗಿದ್ದಾಯಿತು ಎಂಬುದನ್ನು ಗುರುತು ಮಾಡಿಕೊಳ್ಳದಿದ್ದರೆ ಜಾಣರ ಮತ್ತು ಗಲಾಟೆ ಮಾಡುವವರ ಬಳಿಯೇ ಮತ್ತೆ ಮತ್ತೆ ಹೋಗಿ, ಸುಮ್ಮನೆ ಕೂತಿರುವ ಮಧ್ಯದ ಸಾಲು ಉಳಿದುಹೋಗುತ್ತದೆ. ಇದೇ 40 ಪ್ರಬಂಧಗಳನ್ನು ಮನೆಯಲ್ಲಿ ಒಂದೊಂದಕ್ಕೆ 8 ನಿಮಿಷದಂತೆ ತಿದ್ದಲು 320 ನಿಮಿಷ ಬೇಕು. ಪಕ್ಕ ಕೂತು ಆಡಿದ ಎರಡು ನಿಮಿಷದ ಮಾತು ಆ ಎಂಟು ನಿಮಿಷದ ಕೆಂಪು ಶಾಯಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಆ ಎರಡು ನಿಮಿಷದಲ್ಲಿ ಏನು ಮಾತಾಡಬೇಕು ಎಂಬುದಕ್ಕೆ, ಮೊಬೈಲಿನ ಬಗ್ಗೆ ಬರೆದ ಆ ವಿದ್ಯಾರ್ಥಿನಿಯೊಂದಿಗೆ ನಡೆದ ಮಾತುಕತೆಯನ್ನೇ ಹೇಳುತ್ತೇನೆ. 'ನಿನಗೆ ಮೊಬೈಲ್ ಶಾಲೆಯಲ್ಲಿ ಬೇಕಾ?' ಎಂದು ಅವಳ ಶಿಕ್ಷಕಿ ಕೇಳಿದರು. 'ಕ್ಲಾಸಲ್ಲಿ ಬೇಡ ಮೇಡಂ.' 'ಮತ್ತೆ ಯಾವಾಗ ಬೇಕು?' ಸ್ವಲ್ಪ ಹೊತ್ತು ಸುಮ್ಮನಿದ್ದು, 'ಶಾಲೆ ಬಿಟ್ಟ ಮೇಲೆ ಬಸ್ ಸ್ಟಾಪಲ್ಲಿ ನಾನೊಬ್ಬಳೇ ಕಾಯಬೇಕು ಮೇಡಂ, ಆಗ ಬೇಕು' ಎಂದಳು. 'ಅದನ್ನೇ ಇಂಗ್ಲಿಷ್‌ನಲ್ಲಿ ಬರಿ' ಎಂದು ಹೇಳಿ ಶಿಕ್ಷಕಿ ಮುಂದಿನ ಡೆಸ್ಕಿಗೆ ಹೋದರು. ಅವಧಿಯ ಕೊನೆಗೆ ಹಾಳೆಯ ಮೇಲಿದ್ದ ವಾಕ್ಯ: 'ಐ ಡೂ ನಾಟ್ ನೀಡ್ ಮೈ ಫೋನ್ ಇನ್ ಕ್ಲಾಸ್, ಬಟ್ ಐ ನೀಡ್ ಇಟ್ ಆಫ್ಟರ್ ಸ್ಕೂಲ್ ಬಿಕಾಸ್ ಐ ವೇಟ್ ಅಲೋನ್ ಅಟ್ ದ ಬಸ್ ಸ್ಟಾಪ್.' ಈ ಒಂದು ವಾಕ್ಯದಲ್ಲಿ ನಿಲುವಿದೆ, ಕಾರಣವಿದೆ, ಮುಂದಿನ ಎರಡು ಪ್ಯಾರಾಗಳ ದಾರಿಯೂ ಇದೆ. ಶಿಕ್ಷಕಿ ಒಂದು ಪದವನ್ನೂ ತಿದ್ದಲಿಲ್ಲ. ಪ್ರಶ್ನೆ ಮಾತ್ರ ಕೇಳಿದರು. ನಮ್ಮ ಗುಂಪಿನ ಫೋಲ್ಡರಿನಲ್ಲಿ ಹೀಗೆ ಫಲ ಕೊಟ್ಟ ಪ್ರಶ್ನೆಗಳ ಒಂದು ಕಡತವಿದೆ, ಮತ್ತು ನಾಲ್ವರೂ ಅತಿ ಹೆಚ್ಚು ತೆರೆಯುವ ಕಡತ ಅದೇ.

ಉಳಿದ ಹೊತ್ತಿನಲ್ಲಿ ಜೊತೆಗಾರರು ಪರಸ್ಪರ ಓದಲಿ. 'ತಪ್ಪು ಹುಡುಕಿ' ಎಂದು ಹೇಳಿದರೆ ಅವರು ಸ್ಪೆಲಿಂಗ್ ಹುಡುಕುತ್ತಾರೆ. 'ನಿನ್ನ ಗೆಳತಿ ಏನು ಹೇಳುತ್ತಿದ್ದಾಳೆ ಎಂಬುದನ್ನು ನಿನ್ನ ಮಾತಿನಲ್ಲಿ ಒಂದು ವಾಕ್ಯದಲ್ಲಿ ಹೇಳು' ಎಂದರೆ, ಬರೆದವಳಿಗೆ ತಾನು ಹೇಳಿದ್ದು ತಲುಪಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಇದು ತಾಯ್ನುಡಿಯಲ್ಲೇ ನಡೆದರೂ ಅಡ್ಡಿಯಿಲ್ಲ.

ತಿದ್ದುವ ವಿಷಯದಲ್ಲಿ ಒಂದು ನಿಲುವು

ಎರಡನೆಯ ಭಾಷೆಯ ಬರವಣಿಗೆಯಲ್ಲಿ ವ್ಯಾಕರಣದ ತಪ್ಪುಗಳನ್ನು ತಿದ್ದುವುದರಿಂದ ಪ್ರಯೋಜನವಿಲ್ಲ, ಅದನ್ನು ಕೈಬಿಡಬೇಕು ಎಂದು ಭಾಷಾ ಕಲಿಕೆಯ ಸಂಶೋಧಕ ಜಾನ್ ಟ್ರಸ್ಕಾಟ್ ಅವರು 1996ರಲ್ಲಿ ವಾದಿಸಿದರು. ಅದೇ ಕ್ಷೇತ್ರದ ಡೇನಾ ಫೆರಿಸ್ ಅವರು 1999ರಲ್ಲಿ ಅದಕ್ಕೆ ಉತ್ತರ ಕೊಟ್ಟು, ಆ ತೀರ್ಮಾನ ಅವಸರದ್ದೆಂದು ಹೇಳಿದರು. ಈ ವಾದ ಇನ್ನೂ ಮುಗಿದಿಲ್ಲ, ಆದರೆ ನಿಮ್ಮ ಗುಂಪು ಒಂದು ನಿಲುವಿಗೆ ಬರಲೇಬೇಕು. ನಾವು ಒಪ್ಪಿಕೊಂಡದ್ದು ಇಷ್ಟು: ಮೊದಲ ಕರಡಿನಲ್ಲಿ ವ್ಯಾಕರಣ ಮುಟ್ಟುವುದಿಲ್ಲ, ಎರಡನೆಯ ಕರಡಿನಲ್ಲಿ ಆ ತಿಂಗಳಿಗೆ ಗೊತ್ತುಮಾಡಿದ ಒಂದು ಬಗೆಯ ತಪ್ಪನ್ನು ಮಾತ್ರ, ಉದಾಹರಣೆಗೆ ಕ್ರಿಯಾಪದದ ಕಾಲವನ್ನು, ಅಡಿಗೆರೆ ಎಳೆದು ತೋರಿಸುತ್ತೇವೆ, ಸರಿಯಾದ ರೂಪವನ್ನು ವಿದ್ಯಾರ್ಥಿಯೇ ಬರೆಯಬೇಕು. ನಾಲ್ಕೂ ತರಗತಿಗಳಲ್ಲಿ ಆ ತಿಂಗಳು ಅದೇ ತಪ್ಪಿನ ಮೇಲೆ ಕೆಲಸ ನಡೆಯುವುದರಿಂದ ಒಂದೇ ವಿಡಿಯೊ, ಒಂದೇ ಅಭ್ಯಾಸ ಹಾಳೆ ಎಲ್ಲರಿಗೂ ಆಗುತ್ತದೆ.

ಸಿದ್ಧ ಟಿಪ್ಪಣಿಗಳ ಪಟ್ಟಿ ಮಾಡಿಕೊಂಡು ನಕಲು ಮಾಡಿ ಅಂಟಿಸುವ ಅಭ್ಯಾಸ ಕೆಲವು ಗುಂಪುಗಳಲ್ಲಿದೆ. ಸಮಯ ಉಳಿಯುತ್ತದೆ, ನಿಜ. ಆದರೆ ಪಕ್ಕದ ಹುಡುಗನಿಗೆ ಬಂದ ಟಿಪ್ಪಣಿಯೇ ತನಗೂ ಬಂದಿದೆ ಎಂದು ಕಂಡ ವಿದ್ಯಾರ್ಥಿ ಅದನ್ನು ಮತ್ತೆ ಓದುವುದಿಲ್ಲ.

ಸಭೆ

ಹದಿನೈದು ದಿನಕ್ಕೊಮ್ಮೆ 40 ನಿಮಿಷ ಸಾಕು. ಜಪಾನಿನ ಶಿಕ್ಷಕರು ಜುಗ್ಯೋ ಕೆಂಕ್ಯೂ ಎಂಬ ಹೆಸರಿನಲ್ಲಿ ದಶಕಗಳಿಂದ ನಡೆಸಿಕೊಂಡು ಬಂದಿರುವ ಪಾಠ ಅಧ್ಯಯನದ ಕ್ರಮವೇ ಇದಕ್ಕೆ ಒಳ್ಳೆಯ ಮಾದರಿ: ಕೂಡಿ ಯೋಜಿಸುವುದು, ಒಬ್ಬರು ಪಾಠ ಮಾಡುವುದು, ಉಳಿದವರು ಕೂತು ನೋಡುವುದು, ಚರ್ಚಿಸಿ ಪಾಠವನ್ನು ತಿದ್ದುವುದು. ಆನ್‌ಲೈನ್‌ನಲ್ಲಿ ಒಬ್ಬರ ತರಗತಿಯನ್ನು ಇನ್ನೊಬ್ಬರು ಕೂತು ನೋಡಲಾಗುವುದಿಲ್ಲವಾದ್ದರಿಂದ, ತರಗತಿಯ ಬದಲು ಕರಡುಗಳನ್ನು ನೋಡಬೇಕು. ಪಾಠ ಮಾಡಿದವರು ಒಬ್ಬ ವಿದ್ಯಾರ್ಥಿಯ ಮೊದಲ ಕರಡು ಮತ್ತು ಎರಡನೆಯ ಕರಡನ್ನು ಅಕ್ಕಪಕ್ಕ ಇಟ್ಟು ತೋರಿಸಲಿ. ಎರಡರ ನಡುವೆ ಏನು ಬದಲಾಗಿದೆ ಎಂಬುದರ ಮೇಲೆ ಮಾತ್ರ ಮಾತು ನಡೆಯಲಿ. ಏನೂ ಬದಲಾಗಿಲ್ಲವಾದರೆ ಪಾಠವನ್ನು ತಿದ್ದಬೇಕು, ಅದು ಪಾಠ ಮಾಡಿದವರ ತಪ್ಪೆಂದು ಯಾರೂ ಮಾತಾಡಬಾರದು.

'ಮಾಡಿದ ಮೇಲೆ' ಎಂಬ ಟಿಪ್ಪಣಿಯನ್ನು ಪಾಠ ಮುಗಿದ ದಿನವೇ ತುಂಬಿಸಿ. ಮೂರು ಸಾಲು ಸಾಕು. ನಮ್ಮ ಫೋಲ್ಡರಿನಲ್ಲಿ ಒಂದು ಕಡೆ ಹೀಗಿದೆ: 'ವಿಡಿಯೊದ ನಾಲ್ಕನೆಯ ನಿಮಿಷದಲ್ಲಿ ಕೊಟ್ಟ ಉದಾಹರಣೆ ಅರ್ಧ ತರಗತಿಗೆ ಅರ್ಥವಾಗಲಿಲ್ಲ. ಎರಡು ವಾಕ್ಯ ಬರೆಯಿರಿ ಎಂದಿದ್ದಕ್ಕೆ ಹೆಚ್ಚಿನವರು ಒಂದೇ ಉದ್ದ ವಾಕ್ಯ ಬರೆದರು. ಮುಂದಿನ ಬಾರಿ ಹಾಳೆಯಲ್ಲಿ ಎರಡು ಗೆರೆ ಎಳೆದು ಕೊಡಿ.' ಮರುವರ್ಷ ಅದೇ ಪಾಠವನ್ನು ಬೇರೊಬ್ಬರು ತೆಗೆದುಕೊಂಡಾಗ ಈ ಮೂರು ಸಾಲು ಅವರ ಅರ್ಧ ದಿನದ ಶ್ರಮವನ್ನು ಉಳಿಸಿತು.

ಮೊದಲ ವರ್ಷ ನಾಲ್ಕಕ್ಕಿಂತ ಹೆಚ್ಚು ಪಾಠಗಳನ್ನು ಫ್ಲಿಪ್ ಮಾಡಲು ಹೋಗಬೇಡಿ. ಉಳಿದ ಪಾಠಗಳು ಹಿಂದಿನಂತೆಯೇ ನಡೆಯಲಿ. ವರ್ಷದ ಕೊನೆಯ ಸಭೆಯಲ್ಲಿ ಫೋಲ್ಡರನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ತೆರೆದು ನೋಡಿ, ಒಪ್ಪಿಗೆಯ ಅವಧಿ ಮುಗಿದ ವಿದ್ಯಾರ್ಥಿಗಳ ಹಾಳೆಗಳನ್ನು ಅಳಿಸಿ, ಯಾರೂ ಬಳಸದ ವಿಡಿಯೊಗಳನ್ನು ಬೇರೆ ಫೋಲ್ಡರಿಗೆ ಸರಿಸಿ, ಮುಂದಿನ ವರ್ಷಕ್ಕೆ ಯಾರು ಯಾವ ಪಾತ್ರದಿಂದ ಆರಂಭಿಸುತ್ತಾರೆ ಎಂಬುದನ್ನು ಒಪ್ಪಂದದ ಪುಟದಲ್ಲಿ ಬರೆಯಿರಿ. ಗುಂಪಿಗೆ ಹೊಸಬರು ಸೇರುವುದಿದ್ದರೆ ಅವರಿಗೆ ವಿಡಿಯೊಗಳ ಲಿಂಕ್ ಕಳುಹಿಸುವ ಮೊದಲು ಆ ಮೂರು ಮಾನದಂಡಗಳನ್ನೂ, ಹೆಸರು ಮುಚ್ಚಿದ ಮೂರು ಪ್ರಬಂಧಗಳನ್ನೂ ಕಳುಹಿಸಿ, ಹತ್ತಕ್ಕೆ ಎಷ್ಟು ಅಂಕ ಹಾಕುತ್ತಾರೆ ಎಂದು ಕೇಳಿ.